ಉತ್ತರ ಸರಿ ಇದ್ದರೂ ಅಂಕ ಯಾಕೆ ಹೋಯಿತು?

ಅಮೆರಿಕದ ಕಾಲೇಜುಗಳಲ್ಲಿ ಓದುವ ಮಕ್ಕಳಿಂದ, ಅವರ ಅಪ್ಪ ಅಮ್ಮಂದಿರಿಂದ ಈ ಸಲ ಒಂದೇ ಕೋರ್ಸಿನ ಬಗ್ಗೆ ಹಲವು ಪ್ರಶ್ನೆ ಬಂದಿವೆ: ಕ್ವಾಂಟಿಟೇಟಿವ್ ರೀಸನಿಂಗ್, ಅಂದರೆ ದಿನನಿತ್ಯದ ಅಂಕಿಗಳನ್ನು ಅರ್ಥ ಮಾಡಿಕೊಂಡು ವಿವರಿಸುವ ಗಣಿತ. ನಾನು ಈ ಕೋರ್ಸನ್ನು ಪಾಠ ಮಾಡುವವಳು. ಮೂರು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡುತ್ತೇನೆ.

ಪ್ರಶ್ನೆ: ನನ್ನದು ಇತಿಹಾಸ ಮೇಜರ್ (ಮುಖ್ಯ ವಿಷಯ). ಪದವಿಗೆ ಒಂದು ಗಣಿತ ಕೋರ್ಸ್ ಬೇಕೇ ಬೇಕು ಅಂದರು, ಆಲ್ಜೀಬ್ರಾಗಿಂತ ಸುಲಭ ಅಂತ ಸ್ನೇಹಿತರು ಹೇಳಿದ್ದಕ್ಕೆ ಇದನ್ನು ತೆಗೆದುಕೊಂಡೆ. ಮೊದಲ ಅಸೈನ್‌ಮೆಂಟಿನಲ್ಲಿ ಒಂದು ಲೆಕ್ಕಕ್ಕೆ ನನ್ನ ಉತ್ತರ ಪೂರ್ತಿ ಸರಿ. ಆದರೂ 10ಕ್ಕೆ 4 ಕೊಟ್ಟಿದ್ದಾರೆ. ಪಕ್ಕದಲ್ಲಿ ಕೂರುವ ಹುಡುಗಿಯ ಉತ್ತರ ತಪ್ಪು, ಅವಳಿಗೆ 7! ಇದು ಯಾವ ನ್ಯಾಯ? ಲೆಕ್ಕವನ್ನೂ ಇಬ್ಬರ ಉತ್ತರಗಳನ್ನೂ ಕಳಿಸಿದ್ದೇನೆ.

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಹನ್ನೆರಡು ವರ್ಷ ಶಾಲೆಯಲ್ಲಿ ಉತ್ತರ ಸರಿ ಬಂದರೆ ಅಂಕ ಅಂತ ಕಲಿತು ಬಂದಿದ್ದೀರಿ. ಇಲ್ಲಿ ಆಟದ ನಿಯಮವೇ ಬೇರೆ, ಅದನ್ನು ಯಾರೂ ನಿಮಗೆ ಬಿಡಿಸಿ ಹೇಳಿಲ್ಲ.

ನೀವು ಕಳಿಸಿದ ಲೆಕ್ಕ ಇದು. ಕ್ರೆಡಿಟ್ ಕಾರ್ಡಿನಲ್ಲಿ 1,500 ಡಾಲರ್ ಸಾಲ ಇದೆ, ತಿಂಗಳಿಗೆ ಶೇ 2 ಬಡ್ಡಿ, ಒಂದು ವರ್ಷ ಏನೂ ಕಟ್ಟದಿದ್ದರೆ ಎಷ್ಟಾಗುತ್ತದೆ? ಜಾಹೀರಾತಿನಲ್ಲಿ ‘ವರ್ಷಕ್ಕೆ ಶೇ 24’ ಅಂತ ಇದೆ, ಅದನ್ನು ಗ್ರಾಹಕ ಹೇಗೆ ಅರ್ಥ ಮಾಡಿಕೊಳ್ಳಬೇಕು?

ನೀವು ಬರೆದದ್ದು ಒಂದೇ ಸಾಲು: ‘1,902.36 ಡಾಲರ್’. ಸಂಖ್ಯೆ ಸರಿ. ಆದರೆ ಪ್ರಶ್ನೆಯಲ್ಲಿ ಎರಡು ಭಾಗ ಇತ್ತು, ಎರಡನೆಯದನ್ನು ನೀವು ಮುಟ್ಟೇ ಇಲ್ಲ. ಆ ಹುಡುಗಿ 12 ತಿಂಗಳ ಬದಲು 11 ತಿಂಗಳಿಗೆ ಲೆಕ್ಕ ಹಾಕಿದ್ದಾಳೆ, ಹಾಗಾಗಿ ಅವಳಿಗೆ 1,865 ಬಂತು. ತಪ್ಪೇ. ಆದರೆ ಅವಳು ಏನು ಬರೆದಿದ್ದಾಳೆ ನೋಡಿ: ‘ಪ್ರತಿ ತಿಂಗಳ ಬಡ್ಡಿ ಸಾಲಕ್ಕೆ ಸೇರಿಕೊಳ್ಳುತ್ತದೆ, ಮುಂದಿನ ತಿಂಗಳು ಆ ಬಡ್ಡಿಗೂ ಬಡ್ಡಿ ಬೀಳುತ್ತದೆ, ಆದ್ದರಿಂದ ನಿಜವಾಗಿ ಏರುವುದು ಶೇ 24ಕ್ಕಿಂತ ಜಾಸ್ತಿ. ದಂಡ ಶುಲ್ಕ ಇಲ್ಲ, ಹೊಸ ಖರೀದಿ ಇಲ್ಲ ಅಂತ ಅಂದುಕೊಂಡಿದ್ದೇನೆ.’ ಈ ಮೂರು ನಾಲ್ಕು ಸಾಲಿಗೇ ಅಂಕ ಬಂದಿದ್ದು.

ಪೂರ್ತಿ ಅಂಕ ಸಿಗುವ ಉತ್ತರ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. 1.02 ಅನ್ನು ಹನ್ನೆರಡು ಸಲ ಗುಣಿಸಿದರೆ ಸುಮಾರು 1.268, ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ ಶೇ 26.8. ಜಾಹೀರಾತಿನ ಶೇ 24 ಸುಳ್ಳಲ್ಲ, ಅಲ್ಲಿ ತಿಂಗಳ ದರವನ್ನು 12ರಿಂದ ಗುಣಿಸಿ ವಾರ್ಷಿಕ ದರ ಅಂತ ತೋರಿಸುವುದೇ ಪದ್ಧತಿ. ಬಡ್ಡಿಯ ಮೇಲಿನ ಬಡ್ಡಿ ಆ ಅಂಕಿಯೊಳಗೆ ಕಾಣುವುದಿಲ್ಲ. ಸರಳ ಬಡ್ಡಿಯಾಗಿದ್ದರೆ 1,860 ಆಗುತ್ತಿತ್ತು, ಉಳಿದ 42 ಡಾಲರ್ ಚಿಲ್ಲರೆ ಅಲ್ಲಿಂದ ಬಂದದ್ದು. ಇಷ್ಟು ಬರೆದರೆ, ಅದನ್ನು ಓದಿದ ಯಾರೇ ಆಗಲಿ ಕಾರ್ಡಿನ ಬಿಲ್ ನೋಡುವ ರೀತಿಯೇ ಬದಲಾಗುತ್ತದೆ, ಅಲ್ವಾ? ಕೋರ್ಸ್ ಇರುವುದೇ ಅದಕ್ಕೆ.

ಇದು ನಿಮ್ಮ ಮೇಷ್ಟರ ಸ್ವಂತ ಹಟ ಅಂತ ತಿಳಿಯಬೇಡಿ. ಅಮೆರಿಕದ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಸಂಘವೊಂದು 2009ರಲ್ಲಿ ಇಂಥ ಕೆಲಸವನ್ನು ಅಳೆಯಲು ಒಂದು ರೂಬ್ರಿಕ್, ಅಂದರೆ ಅಂಕ ಕೊಡುವ ಮಾನದಂಡಗಳ ಪಟ್ಟಿ, ಹೊರತಂದಿತು, ತುಂಬಾ ಕಡೆ ಅದನ್ನೋ ಅದರ ಮಾರ್ಪಾಡನ್ನೋ ಬಳಸುತ್ತಾರೆ. ಅದರಲ್ಲಿ ಆರು ಅಂಶ ಇವೆ: ಕೊಟ್ಟ ಅಂಕಿಯನ್ನು ಅರ್ಥ ಮಾಡಿಕೊಳ್ಳುವುದು, ಅದನ್ನು ಗ್ರಾಫ್ ಅಥವಾ ಸಮೀಕರಣದ ರೂಪಕ್ಕೆ ತರುವುದು, ಲೆಕ್ಕ ಮಾಡುವುದು, ಅದರಿಂದ ತೀರ್ಮಾನಕ್ಕೆ ಬರುವುದು, ಏನೇನು ಅಂದುಕೊಂಡಿದ್ದೇವೆ ಅಂತ ಒಪ್ಪಿಕೊಳ್ಳುವುದು, ಕೊನೆಗೆ ಇನ್ನೊಬ್ಬರಿಗೆ ತಿಳಿಯುವಂತೆ ಹೇಳುವುದು. ಲೆಕ್ಕ ಮಾಡುವುದು ಆರರಲ್ಲಿ ಒಂದು, ಅಷ್ಟೇ. ನಿಮ್ಮ ಕೋರ್ಸಿನ ರೂಬ್ರಿಕ್ ಸಿಲಬಸ್ ಜೊತೆಗೇ ಕೊಟ್ಟಿದ್ದರೆ ಅದನ್ನು ಪಕ್ಕದಲ್ಲಿಟ್ಟುಕೊಂಡು ಉತ್ತರ ಬರೆಯಿರಿ. ಕೊಟ್ಟಿಲ್ಲದಿದ್ದರೆ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು.

ಒಂದು ವಿಷಯ ಮಾತ್ರ ನಿಮ್ಮ ಪರವಾಗಿ ಹೇಳಲೇಬೇಕು. ಉತ್ತರವನ್ನು ವಿವರಿಸಬೇಕು ಅಂತ ಅಸೈನ್‌ಮೆಂಟಿನಲ್ಲಿ ಬರೆದಿರದೆ, ಕ್ಲಾಸಲ್ಲೂ ಹೇಳದೆ ಅಂಕ ಕಳೆದಿದ್ದರೆ ಅದು ತಪ್ಪು. ಹಾಗಾಗಿದ್ದರೆ ವಿದ್ಯಾರ್ಥಿಗಳಿಗಾಗಿ ಮೇಷ್ಟರು ಮೀಸಲಿಡುವ ಆಫೀಸ್ ಅವರ್‌ನಲ್ಲಿ ಹೋಗಿ ಕೇಳಿ. ಆದರೆ ‘ಅವಳಿಗೆ 7 ಯಾಕೆ’ ಅಂತ ಶುರು ಮಾಡಬೇಡಿ. ‘ನನ್ನ ಉತ್ತರಕ್ಕೆ ಇನ್ನೇನು ಸೇರಿಸಿದ್ದರೆ 10 ಸಿಗುತ್ತಿತ್ತು’ ಅಂತ ಕೇಳಿ. ಈ ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನಾನಂತೂ ಕೂರಿಸಿಕೊಂಡು ಅರ್ಧ ಗಂಟೆ ಹೇಳಿಕೊಡುತ್ತೇನೆ.

ಇನ್ನು ‘ಸುಲಭ’ ಅನ್ನೋ ಮಾತು. ಆಲ್ಜೀಬ್ರಾ ಕಡಿಮೆ, ನಿಜ. ಕೆಲಸ ಕಡಿಮೆ ಅಲ್ಲ. ಕ್ಲಾಸಿನ ಒಂದು ಗಂಟೆಗೆ ಹೊರಗೆ ಕನಿಷ್ಠ ಎರಡು ಗಂಟೆ ಓದು ಅಂತ ಹಿಡಿದೇ ಕ್ರೆಡಿಟ್ ಲೆಕ್ಕ ಮಾಡುತ್ತಾರೆ. ಮೂರು ಕ್ರೆಡಿಟ್ ಕೋರ್ಸ್ ಅಂದರೆ ಕ್ಲಾಸಿನಲ್ಲಿ ಮೂರು, ಹೊರಗೆ ಆರು, ಒಟ್ಟು ವಾರಕ್ಕೆ ಒಂಬತ್ತು ಗಂಟೆ. ಅಷ್ಟು ಸಮಯವನ್ನು ಮೊದಲ ವಾರದಿಂದಲೇ ತೆಗೆದಿಡಿ.

ಪ್ರಶ್ನೆ: ನನ್ನ ಗ್ರೇಡ್ ಈಗ ಎಲ್ಲಿದೆ ಅಂತ ಗೊತ್ತಾಗುತ್ತಿಲ್ಲ. ಹೋಮ್‌ವರ್ಕ್ 96, ಕ್ವಿಜ್ 75, ಪ್ರಾಜೆಕ್ಟ್ 80, ಮಿಡ್‌ಟರ್ಮ್ 55. ಸರಾಸರಿ 76.5 ಬರುತ್ತದೆ. ಫೈನಲ್ ಚೆನ್ನಾಗಿ ಮಾಡಿದರೆ ಬಿ ಸಿಗುತ್ತದಾ? ಸಿಲಬಸ್‌ನಲ್ಲಿ ಹೋಮ್‌ವರ್ಕ್ ಶೇ 10, ಕ್ವಿಜ್, ಪ್ರಾಜೆಕ್ಟ್, ಮಿಡ್‌ಟರ್ಮ್ ತಲಾ ಶೇ 20, ಫೈನಲ್ ಶೇ 30 ಅಂತ ಇದೆ. ಎ ಬೇಕಾದರೆ 90, ಬಿಗೆ 80, ಸಿಗೆ 70.

ಉತ್ತರ: ನಿಮ್ಮ 76.5 ತಪ್ಪು ಸಂಖ್ಯೆ. ನಾಲ್ಕನ್ನೂ ಕೂಡಿ ನಾಲ್ಕರಿಂದ ಭಾಗಿಸಿದ್ದೀರಿ, ಅಂದರೆ ಹೋಮ್‌ವರ್ಕಿಗೂ ಮಿಡ್‌ಟರ್ಮಿಗೂ ಒಂದೇ ತೂಕ ಕೊಟ್ಟಿದ್ದೀರಿ. ಸಿಲಬಸ್ ಹಾಗೆ ಹೇಳುವುದಿಲ್ಲ.

ಒಂದು ಕಾಗದ ತೆಗೆದುಕೊಳ್ಳಿ. ಹೋಮ್‌ವರ್ಕ್ 96ರ ಶೇ 10 ಅಂದರೆ 9.6. ಕ್ವಿಜ್ 75ರ ಶೇ 20, 15. ಪ್ರಾಜೆಕ್ಟಿಂದ 16. ಮಿಡ್‌ಟರ್ಮಿಂದ 11. ಒಟ್ಟು 51.6. ಇದು ಇಲ್ಲಿಯವರೆಗೆ ನಡೆದ 70ಕ್ಕೆ ಸಿಕ್ಕಿದ್ದು, ಹಾಗಾಗಿ ಸದ್ಯ ನೀವು ಇರುವುದು ಶೇ 73.7ರಲ್ಲಿ. ಇನ್ನು ಫೈನಲ್‌ನ 30 ಬಾಕಿ ಇದೆ. ಬಿಗೆ 80 ಬೇಕು, ಅಂದರೆ ಇನ್ನೂ 28.4. ಅದು 30ಕ್ಕೆ 28.4, ಫೈನಲ್‌ನಲ್ಲಿ ಹತ್ತಿರ ಹತ್ತಿರ 95 ತೆಗೆಯಬೇಕು. ಸಿ ಉಳಿಸಿಕೊಳ್ಳಲು 18.4 ಸಾಕು, ಅಂದರೆ 61ಕ್ಕಿಂತ ಸ್ವಲ್ಪ ಮೇಲೆ.

ಮಿಡ್‌ಟರ್ಮಿನಲ್ಲಿ 55 ತೆಗೆದವರು ಫೈನಲ್‌ನಲ್ಲಿ 95 ತೆಗೆಯಲಾರರು ಅಂತ ನಾನು ಹೇಳುವುದಿಲ್ಲ, ಆದರೆ ಕಷ್ಟ ಇದೆ. ಈ ಕೋರ್ಸಿನ ಗ್ರೇಡನ್ನೇ ಅವಲಂಬಿಸಿ ಸ್ಕಾಲರ್‌ಶಿಪ್ಪೋ ಮೇಜರ್ ಪ್ರವೇಶವೋ ಇದ್ದರೆ, ಕೋರ್ಸ್ ಬಿಡುವ ಕೊನೆಯ ದಿನ ಮುಗಿಯುವ ಮೊದಲು ಅಡ್ವೈಸರ್ ಹತ್ತಿರ ಮಾತಾಡಿ. ಡಬ್ಲ್ಯೂ (ಕೋರ್ಸ್ ಮಧ್ಯೆ ಬಿಟ್ಟ ಗುರುತು) ಬಿದ್ದರೆ ಸಾಮಾನ್ಯವಾಗಿ ಜಿಪಿಎಗೆ, ಅಂದರೆ ಎಲ್ಲ ಕೋರ್ಸುಗಳ ಗ್ರೇಡ್ ಸರಾಸರಿಗೆ, ಲೆಕ್ಕಕ್ಕೆ ಬರುವುದಿಲ್ಲ, ಎಫ್ (ಫೇಲ್) ಬಿದ್ದರೆ ಸೊನ್ನೆಯಾಗಿ ಬರುತ್ತದೆ. ಆದರೆ ನೀವು ಎಫ್ ಹತ್ತಿರ ಎಲ್ಲೂ ಇಲ್ಲ, ಸುಮ್ನೆ ಹೆದರಬೇಡಿ.

ನಿಮ್ಮ ಅಂಕಿಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ: 96 ಮತ್ತು 55ರ ನಡುವಿನ ಅಂತರ. ಹೋಮ್‌ವರ್ಕ್ ಮಾಡುವಾಗ ಪುಸ್ತಕ ತೆರೆದಿರುತ್ತದೆ, ಪಕ್ಕದಲ್ಲಿ ಉದಾಹರಣೆ ಇರುತ್ತದೆ, ಆನ್‌ಲೈನ್ ವ್ಯವಸ್ಥೆ ಮೂರು ಸಲ ಪ್ರಯತ್ನಿಸಲು ಬಿಡುತ್ತದೆ. ಅಲ್ಲಿ ಸಿಗುವ 96, ನಿಮಗೆ ಲೆಕ್ಕ ಬರುತ್ತದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ. ಈ ವಾರದಿಂದ ಒಂದು ಕೆಲಸ ಮಾಡಿ. ಹಳೆಯ ಹೋಮ್‌ವರ್ಕಿನ ಐದು ಲೆಕ್ಕ ಆರಿಸಿ, ಖಾಲಿ ಹಾಳೆ ಮತ್ತು ಕ್ಯಾಲ್ಕುಲೇಟರ್ ಮಾತ್ರ ಇಟ್ಟುಕೊಂಡು ಮಾಡಿ. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ಗುರುತು ಹಾಕಿ. ಆ ಗುರುತುಗಳನ್ನು ಹಿಡಿದುಕೊಂಡು ಟ್ಯೂಟರಿಂಗ್ ಸೆಂಟರಿಗೆ ಹೋಗಿ.

ಇನ್ನೊಂದು ಚಿಕ್ಕ ಎಚ್ಚರಿಕೆ, ಯಾಕೆಂದರೆ ಫೈನಲ್‌ನಲ್ಲಿ ಇದು ಬಂದೇ ಬರುತ್ತದೆ. ನಿರುದ್ಯೋಗ ಶೇ 4ರಿಂದ ಶೇ 6ಕ್ಕೆ ಏರಿದರೆ, ಏರಿದ್ದು 2 ಪರ್ಸೆಂಟೇಜ್ ಪಾಯಿಂಟ್. ಆದರೆ ಮೊದಲಿದ್ದುದಕ್ಕೆ ಹೋಲಿಸಿದರೆ ಶೇ 50 ಏರಿಕೆ. ‘ಶೇ 2 ಏರಿತು’ ಅಂತ ಬರೆದರೆ ಅಂಕ ಹೋಗುತ್ತದೆ, ಹೋಗಲೂಬೇಕು.

ಪ್ರಶ್ನೆ: ಮಗ ಇದೇ ಕೋರ್ಸ್ ಮಾಡುತ್ತಿದ್ದಾನೆ. ಗ್ರೇಡ್ ಕೇಳಿದರೆ ‘ಪರವಾಗಿಲ್ಲ’ ಅನ್ನುತ್ತಾನೆ. ಫೀಸ್ ಕಟ್ಟುವವರು ನಾವು. ಪ್ರೊಫೆಸರಿಗೆ ಇಮೇಲ್ ಮಾಡಿದರೆ ಹೇಳಲು ಆಗುವುದಿಲ್ಲ ಅಂದರು. ಇದೇನು?

ಉತ್ತರ: ಕಾನೂನು. ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆ ಕಾಪಾಡುವ 1974ರ ಫೆರ್ಪಾ ಕಾಯ್ದೆ ಪ್ರಕಾರ, ಕಾಲೇಜು ಸೇರಿದ ಮೇಲೆ ಗ್ರೇಡ್‌ನಂಥ ದಾಖಲೆಗಳ ಹಕ್ಕು ವಿದ್ಯಾರ್ಥಿಯದು, ಫೀಸ್ ಯಾರೇ ಕಟ್ಟಲಿ. ತೆರಿಗೆ ಲೆಕ್ಕದಲ್ಲಿ ಮಗ ನಿಮ್ಮ ಅವಲಂಬಿತನಾಗಿದ್ದರೆ ಕಾಲೇಜು ಹೇಳಬಹುದು, ಆದರೆ ಹೇಳಲೇಬೇಕು ಅಂತಿಲ್ಲ. ಅವನೇ ಬರಹದಲ್ಲಿ ಒಪ್ಪಿಗೆ ಕೊಟ್ಟರೆ ದಾರಿ ಸುಲಭ.

ಆದರೆ ಅಮ್ಮ, ಗ್ರೇಡ್ ಏನು ಅಂತ ಕೇಳುವುದನ್ನು ಸ್ವಲ್ಪ ದಿನ ನಿಲ್ಲಿಸಿ. ‘ಫೈನಲ್‌ನಲ್ಲಿ ನಿನಗೆ ಎಷ್ಟು ಬೇಕು, ನನಗೆ ಲೆಕ್ಕ ಮಾಡಿ ತೋರಿಸು’ ಅನ್ನಿ. ಮೇಲೆ ಬರೆದಿದ್ದೇನಲ್ಲ, ಆ ಲೆಕ್ಕವನ್ನು ಅವನು ನಿಮಗೆ ಅರ್ಥವಾಗುವಂತೆ ವಿವರಿಸಿದರೆ ಕೋರ್ಸಿನಲ್ಲಿ ಅವನು ಎಲ್ಲಿದ್ದಾನೆ ಅಂತ ಇಬ್ಬರಿಗೂ ಗೊತ್ತಾಗುತ್ತದೆ. ವಿವರಿಸಲು ಆಗದಿದ್ದರೆ, ಫೈನಲ್‌ಗೆ ಇನ್ನೂ ಸಮಯ ಇರುವಾಗಲೇ ಟ್ಯೂಟರ್ ಹುಡುಕಲು ಅವನಿಗೆ ಜೊತೆಯಾಗಿ.