ಮೂವರ ಬಾಯಲ್ಲೂ ಒಂದೇ ಮಾತು

ಮಾನ್ಯರೇ,

ನಿಮ್ಮ ‘ಕಣಿ’ ಕಥೆಯನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಆದರೆ ತಿದ್ದಿ ಬರೆದರೆ ಖಂಡಿತ ಮತ್ತೆ ಓದುತ್ತೇನೆ. ಇಷ್ಟು ಉದ್ದದ ಪತ್ರ ಬರೆಯುತ್ತಿರುವುದು ಅದಕ್ಕಾಗಿಯೇ.

ಹೂವಿನಹಡಗಲಿ ಸೀಮೆಯ ಗಿರಿಜವ್ವ, ಎಷ್ಟು ಓಡಾಡಿದರೂ ಕೂಡಿಬರದ ಮಗಳ ಮದುವೆ, ಮನೆ ಬಾಗಿಲಿಗೆ ಬರುವ ಬುಡಬುಡಿಕೆಯವನು, ಆಮೇಲೆ ಕಣಿ ಹೇಳುವ ಕೊರವಂಜಿ, ಕೊನೆಗೆ ಮೈಲಾರ ಜಾತ್ರೆಯ ಭವಿಷ್ಯನುಡಿಯಾದ ಕಾರಣಿಕ. ಕಥೆಯ ಹಂದರ ಗಟ್ಟಿಯಾಗಿದೆ. ಮಗಳು ತನ್ನ ಜಾತಕದ ಪ್ರತಿ ತೆಗೆಸಲು ಜೆರಾಕ್ಸ್ ಅಂಗಡಿಯ ಮುಂದೆ ನಿಂತಿರುವ ಪುಟದಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ.

ತೊಂದರೆ ಇರುವುದು ಭವಿಷ್ಯ ನುಡಿಯುವವರ ಮಾತಿನಲ್ಲಿ. ಮೂವರೂ ‘ನಿಮ್ಮ ಭವಿಷ್ಯ ಉಜ್ವಲವಾಗಿದೆ, ಶೀಘ್ರದಲ್ಲೇ ಕಂಕಣಬಲ ಕೂಡಿಬರಲಿದೆ’ ಎನ್ನುತ್ತಾರೆ. ಇದು ವಾರಪತ್ರಿಕೆಯ ರಾಶಿಭವಿಷ್ಯದ ಭಾಷೆ. ಬುಡಬುಡಿಕೆಯವನು ಹೀಗೆ ಮಾತನಾಡುವುದಿಲ್ಲ. ಅವನು ಬರುವುದು ಬೆಳಕು ಹರಿಯುವ ಮೊದಲು. ಅವನನ್ನು ಯಾರೂ ಕರೆದಿಲ್ಲ, ಏನನ್ನೂ ಕೇಳಿಲ್ಲ. ‘ಹಾಲಕ್ಕಿ ನುಡಿಯುತ್ತಿದೆ, ಶುಭ ನುಡಿಯುತ್ತಿದೆ’ ಎಂದು ಅವನು ಸಾರುವಾಗ ಮಾತು ಅವನದಲ್ಲ, ಹಕ್ಕಿಯದು. ನಿಜವಾದರೆ ಹಕ್ಕಿ ನುಡಿದಿತ್ತು, ಸುಳ್ಳಾದರೆ ಅವನ ತಪ್ಪೇನೂ ಇಲ್ಲ. ಅರೆನಿದ್ರೆಯಲ್ಲಿರುವ ಗಿರಿಜವ್ವನಿಗೆ ಆ ದನಿ ಬಾಗಿಲಾಚೆಯಿಂದ ಕೇಳಬೇಕು. ನೀವು ಅವನನ್ನು ಮಧ್ಯಾಹ್ನ ಪಡಸಾಲೆಯಲ್ಲಿ ಕೂರಿಸಿ ಚಹಾ ಕುಡಿಸಿದ್ದೀರಿ.

ಕಾರಣಿಕದ ದೃಶ್ಯದಲ್ಲಿ ತಪ್ಪು ಇನ್ನೂ ದೊಡ್ಡದು. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರಲಿಂಗನ ಭಕ್ತನಾದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಅಷ್ಟು ದೊಡ್ಡ ಜನಸಾಗರ ಒಮ್ಮೆಲೇ ಮೌನವಾಗುತ್ತದೆ. ಆಮೇಲೆ ಬರುವುದು ಒಂದೇ ಒಂದು ವಾಕ್ಯ: ‘ಸಂಪಾಯಿತಲೇ ಪರಾಕ್’ ಎಂಬಂಥದ್ದು. ನುಡಿದ ಕೂಡಲೇ ಅವನು ಮೇಲಿನಿಂದ ಬೀಳುತ್ತಾನೆ, ಕೆಳಗಿರುವವರು ಹಿಡಿದುಕೊಳ್ಳುತ್ತಾರೆ. ಯಾರೊಬ್ಬರ ಹೆಸರನ್ನೂ ಅವನು ಎತ್ತುವುದಿಲ್ಲ. ರೈತ ಆ ಮಾತಿನಲ್ಲಿ ಮಳೆಯನ್ನು ಕೇಳುತ್ತಾನೆ, ರಾಜಕಾರಣಿ ಕುರ್ಚಿಯನ್ನು ಕೇಳುತ್ತಾನೆ. ನಿಮ್ಮ ಗೊರವಯ್ಯನಾದರೋ ಗಿರಿಜವ್ವನತ್ತ ತಿರುಗಿ ‘ನಿನ್ನ ಮಗಳ ಮದುವೆ ಆಷಾಢ ಕಳೆದ ಮೇಲೆ’ ಎನ್ನುತ್ತಾನೆ. ಹಡಗಲಿಯ ಓದುಗ ಅಲ್ಲಿಗೇ ಪತ್ರಿಕೆ ಮಡಚಿಡುತ್ತಾನೆ. ಸುತ್ತಲಿನ ಎಲ್ಲರೂ ಮಳೆ ಬೆಳೆಯ ಮಾತು ಆಡುತ್ತಿರುವಾಗ ಅವಳೊಬ್ಬಳಿಗೆ ಅದೇ ವಾಕ್ಯ ಮಗಳ ತಾಳಿಯ ಸುದ್ದಿಯಾಗಿ ಕೇಳಿಸಲಿ. ನಿಮ್ಮ ಕಥೆ ಇರುವುದು ಅಲ್ಲಿ.

ಕೊರವಂಜಿಯ ಭಾಗಕ್ಕೆ ನೀವು ಎರಡೇ ಪ್ಯಾರಾ ಕೊಟ್ಟಿದ್ದೀರಿ. ಕಥೆಯ ಜೀವಾಳ ಅದೇ. ಶ್ರೀನಿವಾಸ ಕಲ್ಯಾಣದಲ್ಲಿ ಸಾಕ್ಷಾತ್ ಶ್ರೀನಿವಾಸನೇ ಕಣಿ ಹೇಳುವವಳ ವೇಷದಲ್ಲಿ ಪದ್ಮಾವತಿಯ ಅರಮನೆಗೆ ಹೋಗುತ್ತಾನೆ. ಮನಸ್ಸಿನೊಳಗಿನದನ್ನು ಹೊರಗೆ ತರಲು ಆ ವೇಷಕ್ಕಿಂತ ಒಳ್ಳೆಯ ದಾರಿ ಅವನಿಗೂ ಕಾಣಲಿಲ್ಲ. ಕೊರವಂಜಿ ಮೊದಲು ದೇವರುಗಳನ್ನು ನೆನೆಯುತ್ತಾಳೆ, ಎಡಗೈ ಹಿಡಿಯುತ್ತಾಳೆ, ಆಮೇಲೆ ಆಗಿಹೋದದ್ದನ್ನು ಹೇಳುತ್ತಾಳೆ. ಮುಂದಾಗುವುದು ಕೊನೆಯಲ್ಲಿ. ‘ಮನೆಗಾಗಿ ದುಡಿದವಳು ನೀನು, ಹೆಸರು ಬೇರೆಯವರಿಗೆ.’ ‘ಉಪಕಾರ ಮಾಡಿದ ಕಡೆಯೇ ನಿನಗೆ ಅಪಕಾರ.’ ‘ಕೈಗೆ ಬಂದದ್ದು ಕೈಯಲ್ಲಿ ನಿಲ್ಲುವುದಿಲ್ಲ, ತಾಯಿ.’ ಈ ಮಾತುಗಳು ಯಾರಿಗೆ ತಾನೇ ಒಪ್ಪುವುದಿಲ್ಲ? ಅಮೆರಿಕದ ಮನಃಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ, ಇದು ನಿನ್ನೊಬ್ಬನದೇ ಗುಣಚಿತ್ರ ಎಂದು ನಂಬಿಸಿ ಒಂದೇ ಬರಹವನ್ನು ಹಂಚಿದ. ಬಹುಪಾಲು ವಾಕ್ಯಗಳನ್ನು ಆಯ್ದದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ತಮಗೆ ಎಷ್ಟು ಹೊಂದುತ್ತದೆ ಎಂಬುದಕ್ಕೆ ಅವರು ಕೊಟ್ಟ ಸರಾಸರಿ ಅಂಕ ಐದಕ್ಕೆ 4.26.

ಇದನ್ನು ತಿಳಿದ ಮಾತ್ರಕ್ಕೆ ಗಿರಿಜವ್ವ ಪೆದ್ದಿಯಾಗುವುದಿಲ್ಲ. ನೀವು ಅವಳನ್ನು ಹಾಗೆ ಚಿತ್ರಿಸಿದ್ದು ನನಗೆ ನೋವು ತಂದಿತು. ‘ಮನೆಗಾಗಿ ದುಡಿದವಳು ನೀನು’ ಎಂದು ಆ ಮನೆಯಲ್ಲಿ ಯಾರಾದರೂ ಅವಳಿಗೆ ಹೇಳಿದ್ದರೇ? ಗಂಡ ಹೇಳಿದ್ದನೇ, ಓದಿದ ಮಗ ಹೇಳಿದ್ದನೇ? ಹೊಸ್ತಿಲಾಚೆ ಕುಳಿತ ಅಪರಿಚಿತಳು ಹೇಳಿದಳು. ಗಿರಿಜವ್ವ ಮೊರದಲ್ಲಿ ಅಕ್ಕಿ ತಂದು ಸುರಿಯುವುದು ಆ ಮಾತಿಗೆ.

ಇನ್ನು ಅದೇ ಕೊರವಂಜಿ ಸರ ಕದ್ದು ಓಡುವ ಪ್ರಸಂಗ. ಇದನ್ನು ತೆಗೆಯಲೇಬೇಕು. ಹಡಗಲಿ 1953ರವರೆಗೆ ಮದ್ರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ಪ್ರಾಂತ್ಯದಲ್ಲಿ ಬ್ರಿಟಿಷ್ ಸರ್ಕಾರ ಕೊರವಂಜಿಯ ಸಮುದಾಯವಾದ ಕೊರವರನ್ನು ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ತಂದು, ಹುಟ್ಟಿದ ಕುಲವನ್ನೇ ಅಪರಾಧವೆಂದು ದಾಖಲಿಸಿತು. ಆ ಕಾಯ್ದೆ ದೇಶದಾದ್ಯಂತ ರದ್ದಾದದ್ದು 1952ರಲ್ಲಿ. ಬುಟ್ಟಿ ಹೆಣೆದು, ಹಚ್ಚೆ ಹಾಕಿ, ಕಣಿ ಹೇಳಿ ಬದುಕಿದ ಹೆಂಗಸರ ಮೇಲೆ ಪೊಲೀಸರು ಹೊರಿಸಿದ್ದ ಆ ಹಣೆಪಟ್ಟಿಯನ್ನು ಕಥೆಯ ತಿರುವಿಗಾಗಿ ಮತ್ತೆ ಅಂಟಿಸುವುದು ಅನ್ಯಾಯ. ಈ ವಿಷಯದಲ್ಲಿ ರಾಜಿಯಿಲ್ಲ.

ಒಂದು ಸಣ್ಣ ತಪ್ಪನ್ನೂ ಸರಿಪಡಿಸಿ. ಜೋಯಿಸರು ಏಳರಾಟ ಶನಿ 14 ವರ್ಷ ಕಾಡುತ್ತದೆ ಎನ್ನುತ್ತಾರೆ. ಶನಿ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷದಲ್ಲಿ ಒಂದು ಸುತ್ತು ಮುಗಿಸುವ ಗ್ರಹ, ರಾಶಿಗೆ ಎರಡೂವರೆ ವರ್ಷ. ಜನ್ಮರಾಶಿ ಮತ್ತು ಅದರ ಹಿಂದುಮುಂದಿನ ರಾಶಿ ಸೇರಿ ಮೂರಕ್ಕೆ ಏಳೂವರೆ. ಗುರು ರಾಶಿಗೆ ಹೆಚ್ಚುಕಡಿಮೆ ಒಂದು ವರ್ಷ ಇರುತ್ತಾನೆ. ಹಾಗಾಗಿ ‘ಗುರುಬಲ ಬರುವವರೆಗೆ ತಾಳಿ’ ಎಂಬ ಮಾತು ತಾಯಿಗೆ ಎಣಿಸಬಹುದಾದ ಒಂದು ಗಡುವನ್ನು ಕೊಡುತ್ತದೆ. ಕಥೆಯ ಕಾಲವನ್ನು ಅದರ ಮೇಲೆಯೇ ಕಟ್ಟಬಹುದು.

ಮಗ ಎರಡು ಪುಟ ಮೂಢನಂಬಿಕೆಯನ್ನು ಖಂಡಿಸುತ್ತಾನೆ. ಒಂದೇ ಮಾತು ಸಾಕು. ಶುಭಲಗ್ನ, ರಾಶಿಕೂಟ, ಗಣಸಂಬಂಧ, ಚಂದ್ರಬಲ, ತಾರಾಬಲ ಎಂಬ ಜೋಯಿಸರ ಮಾತುಗಳನ್ನೇ ತೆಗೆದುಕೊಂಡು ಬಸವಣ್ಣನವರು ಐದಾರು ಸಾಲಿನ ವಚನದಲ್ಲಿ ಮುಹೂರ್ತದ ಚಿಂತೆಯನ್ನೇ ಬಿಡಿಸಿಬಿಟ್ಟರು. ಬೈಗುಳದ ಒಂದು ಪದವೂ ಅಲ್ಲಿಲ್ಲ. ಕೊನೆಯ ಸಾಲಾಗಿ ನೀವು ಇಟ್ಟಿರುವ ‘ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿತ್ತಂತೆ’ ಎಂಬ ಗಾದೆಯೂ ಬೇಡ. ಬೇಕಿದ್ದರೆ ನೆರೆಮನೆಯವಳ ಬಾಯಲ್ಲಿ ನಡುವೆ ಎಲ್ಲಾದರೂ ಬರಲಿ.

ಕೇಳುವವರ ಮಾತುಗಳು ನಿಮ್ಮ ಕಥೆಯಲ್ಲಿ ಇಲ್ಲವೇ ಇಲ್ಲ. ಒಳ್ಳೆಯದು ನುಡಿದವಳಿಗೆ ‘ನಿನ್ನ ಬಾಯಿಗೆ ಸಕ್ಕರೆ ಹಾಕ’ ಎನ್ನುತ್ತೇವೆ. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಎನ್ನುತ್ತೇವೆ. ಕೆಟ್ಟದ್ದು ಆಡಿದ ಮಕ್ಕಳಿಗೆ ‘ಅಸ್ತು ದೇವತೆಗಳು ಇರುತ್ತಾರೆ, ಬಿಡ್ತು ಅನ್ನು’ ಎಂದು ಗದರುತ್ತೇವೆ. ಗಿರಿಜವ್ವನಿಗೂ ಬಾಯಿ ಕೊಡಿ.

ಇಡೀ ಕಥೆಯನ್ನು ಒಮ್ಮೆಗೇ ತಿದ್ದಲು ಹೋಗಬೇಡಿ. ಹೊಸ್ತಿಲ ಮೇಲೆ ಕೊರವಂಜಿ ಮತ್ತು ಗಿರಿಜವ್ವ ಇಬ್ಬರೇ ಇರುವ ದೃಶ್ಯವನ್ನು ಮೊದಲು ಬರೆದು ಕಳುಹಿಸಿ. ಮೂರು ಪುಟವಾದರೂ ಅಡ್ಡಿಯಿಲ್ಲ. ಅದನ್ನು ಓದಿದ ಮೇಲೆ ಉಳಿದದ್ದರ ಬಗ್ಗೆ ಬರೆಯುತ್ತೇನೆ.

ಇಂತು,
ಸಂಪಾದಕ