ಫಾಸ್ಟ್ ಅಂದರೆ ವೇಗ ತಾನೇ? ಹಾಗಾದರೆ ‘ಫಾಸ್ಟ್ ಅಸ್ಲೀಪ್’ ಅಂದರೇನು?

ನೀವು ಕೇಳಿದ್ದು ಎರಡು ಪ್ರಶ್ನೆ. ಗಾಢ ನಿದ್ದೆಯಲ್ಲಿ ಇರುವವನಿಗೆ ‘ಫಾಸ್ಟ್ ಅಸ್ಲೀಪ್’ ಅಂತ ಯಾಕೆ ಹೇಳುತ್ತಾರೆ, ಉಪವಾಸಕ್ಕೂ ‘ಫಾಸ್ಟ್’ ಅನ್ನುವ ಪದವೇ ಯಾಕೆ ಬಂತು ಅಂತ. ಚಿಕ್ಕವನಿದ್ದಾಗ ನಾನೂ ಇಲ್ಲಿ ಎಡವಿದ್ದೆ. ‘ಸ್ಟ್ಯಾಂಡ್ ಫಾಸ್ಟ್’ ಅಂದರೆ ಬೇಗ ಎದ್ದು ನಿಲ್ಲು ಅಂದುಕೊಂಡಿದ್ದೆ. ನಿಜವಾದ ಅರ್ಥ ‘ಅಲ್ಲಾಡದೆ ನಿಲ್ಲು’.

ಫಾಸ್ಟ್ ಪದಕ್ಕೆ ವೇಗ ಅನ್ನುವುದು ಹುಟ್ಟಿನಿಂದ ಬಂದ ಅರ್ಥವಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕಿದ್ದ ಅರ್ಥ ‘ಗಟ್ಟಿಯಾಗಿ, ಭದ್ರವಾಗಿ’. ಆ ಅರ್ಥ ಈಗಲೂ ಸತ್ತಿಲ್ಲ, ಜೋಡಿಪದಗಳಲ್ಲಿ ಅಡಗಿ ಕೂತಿದೆ. ‘ಹೋಲ್ಡ್ ಫಾಸ್ಟ್’ ಅಂದರೆ ಬಿಗಿಯಾಗಿ ಹಿಡಿ. ‘ಸ್ಟಕ್ ಫಾಸ್ಟ್’ ಅಂದರೆ ಅಲ್ಲಾಡದ ಹಾಗೆ ಸಿಕ್ಕಿಕೊಂಡಿದೆ. ಒಗೆದರೂ ಬಿಡದ ಬಣ್ಣ ‘ಫಾಸ್ಟ್ ಕಲರ್’. ವಿಮಾನದಲ್ಲಿ ಸೀಟ್ ಬೆಲ್ಟ್ ‘ಫಾಸನ್’ ಮಾಡಿ ಅನ್ನುತ್ತಾರಲ್ವಾ, ಅದೂ ಇದೇ ಮನೆತನದ್ದು. ‘ಫಾಸ್ಟ್ ಅಸ್ಲೀಪ್’ ಆದವನನ್ನು ನಿದ್ದೆ ಗಟ್ಟಿಯಾಗಿ ಹಿಡಿದುಕೊಂಡಿದೆ, ಅಷ್ಟೇ.

ಹಾಗಾದರೆ ಅಲ್ಲಾಡದ ಪದಕ್ಕೆ ಓಟ ಹೇಗೆ ಬಂತು? ನನಗೆ ಇಡೀ ಕಥೆಯಲ್ಲಿ ಇಷ್ಟವಾದ ಭಾಗ ಇದೇ. ‘ಗಟ್ಟಿಯಾಗಿ’ ಅನ್ನುವುದು ಮೊದಲು ‘ಬಲ ಹಾಕಿ, ಸಡಿಲ ಬಿಡದೆ’ ಅಂತಾಯಿತು. ಬಲ ಹಾಕಿ ಹೊಡೆ, ಬಲ ಹಾಕಿ ತಳ್ಳು. ಇದೇ ಮಾತನ್ನು ಓಟಕ್ಕೆ ಹಚ್ಚಿ ನೋಡಿ. ಬಲ ಹಾಕಿ, ಸಡಿಲ ಬಿಡದೆ ಓಡಿದರೆ ಏನಾಗುತ್ತದೆ? ವೇಗ ತಾನಾಗಿ ಬರುತ್ತದೆ. ಇನ್ನೊಂದು ದಾರಿಯೂ ಇದೆ. ಗಟ್ಟಿಯಾಗಿ ಅಂಟಿಕೊಂಡಿದ್ದು ಹತ್ತಿರವೇ ಇರುತ್ತದೆ. ಮುಂದೆ ಓಡುವವನ ಬೆನ್ನಿಗೆ ಅಂಟಿಕೊಂಡು ಹೋಗಬೇಕಾದರೆ ನೀವೂ ಅಷ್ಟೇ ಜೋರಾಗಿ ಓಡಬೇಕು. ಹೀಗೆ ವೇಗದ ಅರ್ಥ ಬಂದು ಸುಮಾರು 800 ವರ್ಷ ಆಗಿದೆ. ಅದು ಮೊದಲು ಕ್ರಿಯಾವಿಶೇಷಣಕ್ಕೆ ಬಂತು, ಅಂದರೆ ಓಡುವ ರೀತಿಗೆ. ‘ಫಾಸ್ಟ್ ಕುದುರೆ’ ಅನ್ನುವಂಥ ಬಳಕೆ ಆಮೇಲಿನದು.

ಇದೇನು ಇಂಗ್ಲಿಷಿನ ವಿಚಿತ್ರ ಅಂತ ನಗಬೇಡಿ. ನಮ್ಮ ‘ಗಟ್ಟಿ’ಯನ್ನೇ ನೋಡಿ. ಗಟ್ಟಿಯಾಗಿ ಕಟ್ಟು ಅಂದರೆ ಬಿಗಿಯಾಗಿ. ಗಟ್ಟಿಯಾಗಿ ಕೂಗು ಅಂದರೆ? ಜೋರಾಗಿ! ‘ಬಿರುಸು’ ಇನ್ನೂ ಹತ್ತಿರದ ಉದಾಹರಣೆ. ಒರಟು, ಪೆಡಸು ಅನ್ನುವ ಅರ್ಥವೂ ಅದಕ್ಕಿದೆ, ಬಿರುಸಿನ ನಡಿಗೆ ಅಂದಾಗ ವೇಗವೂ ಇದೆ.

ಇನ್ನು ಉಪವಾಸ. ಇಲ್ಲೂ ಬೇರು ಅದೇ. ವ್ರತವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು, ನಿಯಮ ಬಿಡದಿರುವುದು ಅನ್ನುವುದರಿಂದ ಊಟ ಬಿಡುವುದು ಅಂತಾಯಿತು. ರಾತ್ರಿಯ ಆ ಉಪವಾಸವನ್ನು ಮುರಿಯುವುದೇ ‘ಬ್ರೇಕ್‌ಫಾಸ್ಟ್’. ಬೆಳಗ್ಗೆ ಗಡಿಬಿಡಿಯಲ್ಲಿ ತಿನ್ನುವುದಕ್ಕೆ ಆ ಹೆಸರು ಬಂತು ಅಂತ ಒಬ್ಬರು ನನ್ನ ಹತ್ತಿರ ವಾದ ಮಾಡಿದ್ದರು. ಸುಮ್ನೆ ಕಟ್ಟಿದ ಕಥೆ ಅದು.

ಒಂದು ಪದದಲ್ಲಂತೂ ಫಾಸ್ಟ್ ಗುರುತೇ ಸಿಗದ ಹಾಗೆ ಮುಚ್ಚಿಹೋಗಿದೆ. ನಾಚಿಕೆಯಿಂದ ಮುದುಡಿದವನಿಗೆ ಇಂಗ್ಲಿಷಿನಲ್ಲಿ ‘ಶೇಮ್‌ಫೇಸ್ಡ್’ ಅನ್ನುತ್ತಾರೆ. ಅದು ಮೊದಲು ‘ಶೇಮ್‌ಫಾಸ್ಟ್’ ಆಗಿತ್ತು, ನಾಚಿಕೆ ಹಿಡಿದು ಕಟ್ಟಿಹಾಕಿದವನು ಅಂತ. ಫಾಸ್ಟ್ ಪದದ ಹಳೆಯ ಅರ್ಥ ಜನರಿಗೆ ಮರೆಯಿತು. ನಾಚಿಕೆ ಮುಖದಲ್ಲಿ ಕಾಣುತ್ತದೆ ಅಲ್ವಾ ಅಂತ 16ನೇ ಶತಮಾನದಲ್ಲಿ ಅದನ್ನು ಫೇಸ್ ಮಾಡಿಬಿಟ್ಟರು.

ಜರ್ಮನ್ ಕಲಿಯುವವರಿಗೆ ಒಂದು ಎಚ್ಚರಿಕೆ. ಅಲ್ಲಿಯೂ ‘ಫಾಸ್ಟ್’ ಇದೆ, ಆದರೆ ಅರ್ಥ ‘ಬಹುತೇಕ’. ಗಟ್ಟಿ ಅನ್ನುವುದಕ್ಕೆ ಅವರ ಪದ ‘ಫೆಸ್ಟ್’. ಎರಡೂ ಒಂದೇ ಬೇರಿನವು. ಗಟ್ಟಿಯಾಗಿ ಅಂಟಿದ್ದು ಹತ್ತಿರ, ಹತ್ತಿರ ಅಂದರೆ ಹೆಚ್ಚುಕಡಿಮೆ ಮುಟ್ಟಿದ ಹಾಗೆ. ಅಲ್ಲಿ ಪದ ಆ ಕಡೆಗೆ ಹೊರಳಿತು.

ಕೊನೆಗೆ, ನೀವು ಕೇಳದಿದ್ದರೂ ಜಾಸ್ತಿ ಜನ ಕೇಳುವುದು: ‘ಫಾಸ್ಟ್‌ಲಿ’ ಯಾಕೆ ಇಲ್ಲ? ಹಳೆಯ ಇಂಗ್ಲಿಷಿನಲ್ಲಿ ಗುಣವಾಚಕದ ಕೊನೆಗೆ ಒಂದು ‘ಎ’ಕಾರ ಸೇರಿಸಿ ಕ್ರಿಯಾವಿಶೇಷಣ ಮಾಡುತ್ತಿದ್ದರು. ಬಾಯಿಂದ ಬಾಯಿಗೆ ಸವೆದು ಆ ‘ಎ’ಕಾರ ಉದುರಿಹೋಯಿತು. ಹಾಗಾಗಿ ಎರಡೂ ‘ಫಾಸ್ಟ್’ ಆಗಿಯೇ ಉಳಿದವು. ‘ಹಾರ್ಡ್’ ಕಥೆಯೂ ಇದೇ. ‘ಲಿ’ ಹಚ್ಚಿದ ರೂಪವೂ ಫಾಸ್ಟ್‌ಗೆ ಆಗ ಇತ್ತು. ಅದರ ಅರ್ಥವೂ ‘ಗಟ್ಟಿಯಾಗಿ’ ಅಂತಲೇ, ಆಮೇಲೆ ಬಳಕೆ ತಪ್ಪಿತು.