ನಮೀಬಿಯಾಗೆ ಡೈರೆಕ್ಟ್ ಎಂಟ್ರಿ ಯಾಕಿಲ್ಲ ಅಂದ್ರೆ

ಅಣ್ಣ, 2027ರ ಕ್ರಿಕೆಟ್ ವರ್ಲ್ಡ್ ಕಪ್ ಮ್ಯಾಚು ನಮೀಬಿಯಾದಲ್ಲೂ ಐತೆ, ಆದ್ರೂ ಅವ್ರಿಗೆ ಯಾಕೆ ಡೈರೆಕ್ಟ್ ಎಂಟ್ರಿ ಇಲ್ಲ ಅಂತ ಕೇಳಿದ್ರಲ್ಲ, ಅವ್ರು ಐಸಿಸಿಲಿ, ಅಂದ್ರೆ ವಿಶ್ವ ಕ್ರಿಕೆಟ್ ನಡೆಸೋ ಸಂಸ್ಥೇಲಿ, ಫುಲ್ ಮೆಂಬರ್ ಅಲ್ಲ, ಅದಕ್ಕಿಂತ ಕೆಳಗಿನ ಅಸೋಸಿಯೇಟು ಮೆಂಬರು, ಅದಕ್ಕೇ. ಜೊತೆಗೆ ಕಪ್ ನಡೆಸೋ ಸೌತ್ ಆಫ್ರಿಕಾ, ಜಿಂಬಾಬ್ವೆ ಫುಲ್ ಮೆಂಬರು, ಅವ್ರಿಗೆ ಸೀಟು ಗ್ಯಾರಂಟಿ, ಇವ್ರನ್ನ ಬಿಟ್ಟು 2027 ಮಾರ್ಚ್ 31ಕ್ಕೆ ಒನ್‌ಡೇ ರ‍್ಯಾಂಕಿಂಗಲ್ಲಿ ಮೇಲಿರೋ 8 ಟೀಮು ಒಳಗೆ, ಉಳಿದ 4 ಸೀಟಿಗೆ ಕ್ವಾಲಿಫೈಯರ್ ಅಂತ ಬೇರೆ ಅರ್ಹತಾ ಟೂರ್ನಮೆಂಟು, ಒಟ್ಟು 14. ನನ್ಗಂತೂ ಇದು ಅನ್ಯಾಯ ಅನ್ಸುತ್ತೆ, ನಮ್ಮ ತುಮಕೂರು ಕಡೆ ಟೂರ್ನಮೆಂಟ್ ಇಟ್ರೆ ಊರಿನ ಟೀಮಿನ ಹೆಸ್ರೇ ಮೊದ್ಲು ಬರೆಯೋದು. ಕ್ವಾಲಿಫೈಯರೂ ಸಲೀಸಲ್ಲ, 2023ರಲ್ಲಿ ಹರಾರೆಲಿ ವೆಸ್ಟ್ ಇಂಡೀಸ್ 181ಕ್ಕೆ ಆಲೌಟಾಗಿ ಸ್ಕಾಟ್ಲೆಂಡ್ ಕೈಲಿ 7 ವಿಕೆಟಲ್ಲಿ ಸೋತ್ರು, ಎರಡು ಸಲ ಕಪ್ ಗೆದ್ದೋರು ಆ ಸಲ ವರ್ಲ್ಡ್ ಕಪ್ ಆಡೋಕೆ ಇಂಡಿಯಾಗೆ ಬರೋಕೇ ಆಗ್ಲಿಲ್ಲ.